ರಕ್ತವು ಹೆಪ್ಪುಗಟ್ಟದಂತೆ ಕಾಯುವ ಗುಳಿಗೆ



ಆಳಂದ, ಅಫಜಲಪುರ, ಜೇವರ್ಗಿಗಳ ಹೊಲಗಳಲ್ಲಿ ಜೋಳ ಕೊಯ್ಯುವಾಗ ಕುಡುಗೋಲು ಬೆರಳಿಗೆ ತಗಲುವುದುಂಟು. ಸಣ್ಣ ಗಾಯವಾದರೆ ನೆತ್ತರು ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಇದಕ್ಕೆ ಕಾರಣವೇನು? ರಕ್ತದಲ್ಲಿ ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಎಂಬ ಸೂಕ್ಷ್ಮ ಕಣಗಳಿವೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 1,50,000ದಿಂದ 4,50,000ದವರೆಗೆ ಇರುವುವು. ಗಾಯವಾದೊಡನೆ ಇವು ಅಲ್ಲಿಗೆ ಅಂಟಿಕೊಂಡು, ಸಂಗಡಿಗರನ್ನೂ ಕರೆದು, ಹರಿದ ಬಾಯಿಯನ್ನು ಮುಚ್ಚುವುವು.

ಈ ಉಪಕಾರವೇ ಕೆಲವು ವೇಳೆ ಅಪಕಾರವಾಗುವುದು. ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಸೇರಿದ ಕೊಬ್ಬಿನ ಪದರವು ಬಿರಿದರೆ, ಕಿರುತಟ್ಟೆಗಳು ಅದನ್ನೂ ಗಾಯವೆಂದೇ ಎಣಿಸಿ ಮುತ್ತುವುವು. ಹೆಪ್ಪು ನಾಳವನ್ನು ಮುಚ್ಚಿದರೆ ಹೃದಯಾಘಾತ. ಮೆದುಳಿನ ನಾಳವನ್ನು ಮುಚ್ಚಿದರೆ ಲಕ್ವ.

ಇದನ್ನು ತಡೆಯುವ ಔಷಧಗಳಲ್ಲಿ ಹಳೆಯದು ಆಸ್ಪಿರಿನ್. 1899ರಿಂದ ನೋವು-ಜ್ವರಗಳಿಗೆ ಮಾರಾಟವಾಗುತ್ತಿದ್ದ ಇದರ ಗುಟ್ಟನ್ನು 1971ರಲ್ಲಿ ಜಾನ್ ವೇನ್ ಎಂಬ ಆಂಗ್ಲ ವಿಜ್ಞಾನಿಯು ಬಿಡಿಸಿದನು. 1982ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲನ್ನು ಪಡೆದನು. ಕಿರುತಟ್ಟೆಗಳು ಒಂದನ್ನೊಂದು ಕರೆಯಲು ಬಳಸುವ ದ್ರವ್ಯದ ತಯಾರಿಕೆಯನ್ನೇ ಆಸ್ಪಿರಿನ್ ನಿಲ್ಲಿಸುವುದು. ಹೀಗೆ ಕಟ್ಟುಬಿದ್ದ ಕಿರುತಟ್ಟೆಯು ತನ್ನ ಆಯುಷ್ಯವಾದ ಏಳರಿಂದ ಹತ್ತು ದಿನಗಳವರೆಗೂ ಚೇತರಿಸಿಕೊಳ್ಳದು. ಆದರೆ ದಿನದಿನವೂ ಹೊಸವು ಹುಟ್ಟುತ್ತಿರುವುವು; ಆದುದರಿಂದಲೇ ಗುಳಿಗೆಯನ್ನು ದಿನವೂ ಸೇವಿಸತಕ್ಕದ್ದು. ಕ್ಲೊಪಿಡೊಗ್ರೆಲ್ ಎಂಬ ಇನ್ನೊಂದು ಔಷಧವು ಅದೇ ಕೆಲಸವನ್ನು ಬೇರೊಂದು ದಾರಿಯಿಂದ ಮಾಡುವುದು.

ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿ, ಕಟ್ಟಿದ ನಾಳದೊಳಗೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಇಡಿಸಿಕೊಂಡವರಿಗೆ, ಸಾಮಾನ್ಯವಾಗಿ ಈ ಎರಡನ್ನೂ ಹಲವು ತಿಂಗಳು ಕೊಡುವರು. ಊರಿಗೆ ಮರಳಿದವರು, “ಈಗ ಎದೆನೋವಿಲ್ಲ, ಗುಳಿಗೆಯೂ ತೀರಿತು, ಇನ್ನೇಕೆ?” ಎನ್ನುವುದುಂಟು. ಆಳಂದ, ಜೇವರ್ಗಿಗಳಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ಹೆಚ್ಚು. ಗುಳಿಗೆ ಬಿಟ್ಟಾಗ ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ, ಅಷ್ಟು ದೂರ ಕ್ರಮಿಸುವಷ್ಟರಲ್ಲಿ ಪ್ರಾಣವೇ ಹೋಗಬಹುದು.

ಹಾಗೆಂದು ಎಲ್ಲರೂ ಇದನ್ನು ನುಂಗತಕ್ಕದ್ದಲ್ಲ. ಇದರಿಂದ ಜಠರದಲ್ಲಿ ರಕ್ತಸ್ರಾವವಾಗಬಹುದು. ಡೆಂಗಿ ಜ್ವರದಲ್ಲಿ ಆಸ್ಪಿರಿನ್ ಅಪಾಯಕರ. ಲಕ್ವವು ನಾಳ ಒಡೆದುದರಿಂದಲೂ ಬರುವುದು. ಆದಕಾರಣ ಆಸ್ಪತ್ರೆಯಲ್ಲಿ ಮೆದುಳಿನ ಸ್ಕ್ಯಾನ್ ಮಾಡಿಸುವ ಮುನ್ನ ಮನೆಯಲ್ಲಿ ಕೊಡಲಾಗದು.

ಓದು ಬಲ್ಲ ಹೆಣ್ಣುಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಈ ಗುಳಿಗೆಯನ್ನು ಸೇವಿಸುತ್ತಿದ್ದರೆ ಚೀಟಿಯನ್ನು ನೀವು ಓದಿ ಹೇಳಿರಿ. ತೀರುವುದಕ್ಕೆ ಒಂದು ವಾರ ಮೊದಲೇ ತರಿಸಿರಿ. ಹಲ್ಲು ಕೀಳಿಸುವುದಿದ್ದರೆ ಈ ಗುಳಿಗೆಯ ವಿಷಯವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಿರಿ. ಮಲವು ಕರ‍್ರಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಹೇಳದ ಹೊರತು ಗುಳಿಗೆಯನ್ನು ಹಿಡಿಯುವುದೂ ಬೇಡ, ಬಿಡುವುದೂ ಬೇಡ.