ಗಾಜಿನ ಮೇಲೆ ಸಾಲುಗಟ್ಟಿದ ಭ್ರೂಣಗಳು

ಉಟ್ರೆಕ್ಟ್‌ನ ಹ್ಯೂಬ್ರೆಕ್ಟ್ ಪ್ರಯೋಗಾಲಯದಲ್ಲಿದ್ದ ಪ್ರಾಣಿಭ್ರೂಣಗಳ ಸಂಗ್ರಹ 2004ರಲ್ಲಿ ಬರ್ಲಿನ್ನಿನ ನಿಸರ್ಗ ಚರಿತ್ರೆ ಮ್ಯೂಸಿಯಮ್ಮಿಗೆ ಬಂತು. ಅದರ ಮೂಲಪುರುಷ ಎ.ಎ.ಡಬ್ಲ್ಯೂ. ಹ್ಯೂಬ್ರೆಕ್ಟ್ 1890–91ರಲ್ಲಿ ಇಂದಿನ ಇಂಡೋನೇಷ್ಯಾದಲ್ಲಿ ಓಡಾಡಿ, ಟಾರ್ಸಿಯರ್, ಚಿಪ್ಪುಹಂದಿಗಳಂಥ ಪ್ರಾಣಿಗಳ ಭ್ರೂಣ ಕಲೆಹಾಕಲು ಶುರುಮಾಡಿದವರು. ಪ್ಲಾಟಿಪಸ್, ಹೊಟ್ಟೆಚೀಲದ ಪ್ರಾಣಿಗಳನ್ನು ಅಧ್ಯಯನ ಮಾಡಿದ ಜೆ.ಪಿ. ಹಿಲ್ ಅವರ ಸಂಗ್ರಹವೂ ಮುಂದೆ ಇದಕ್ಕೇ ಸೇರಿತು. ಕಾಡುಪಾಪದ ಭ್ರೂಣಪೊರೆಗಳ ಬಗ್ಗೆ ಹಿಲ್ 1928ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಎ. ಸುಬ್ಬರಾವ್ ಸಹಲೇಖಕರು. ತುಮಕೂರು ಕಡೆಯ ಪೊದೆಗಳಲ್ಲಿ ರಾತ್ರಿ ಕಣ್ಣು ಹೊಳೆಯಿಸುವ ಅದೇ ಕಾಡುಪಾಪ. ಇವತ್ತು ಅಂಥ ಪ್ರಾಣಿಯ ಗರ್ಭವನ್ನು ಹೊಸದಾಗಿ ಕೊಯ್ದು ನೋಡಲು ಕಾನೂನೂ ಬಿಡದು, ಮನಸ್ಸೂ ಒಪ್ಪದು. ಇದ್ದದ್ದನ್ನೇ ಉಳಿಸಿಕೊಳ್ಳಬೇಕು.

ಭ್ರೂಣ ಸಂಗ್ರಹವೆಂದರೆ ಬಾಟಲಿಯಲ್ಲಿ ತೇಲುವ ಮರಿಗಳಷ್ಟೇ ಅಲ್ಲ. ಭ್ರೂಣವನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್ ಯಂತ್ರದಲ್ಲಿ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೀಳುಗಳನ್ನು ಅನುಕ್ರಮವಾಗಿ ಗಾಜಿನ ಸ್ಲೈಡುಗಳ ಮೇಲೆ ಅಂಟಿಸಿರುತ್ತಾರೆ. 12 ಮಿ.ಮೀ. ಉದ್ದದ ಭ್ರೂಣವನ್ನು 10 ಮೈಕ್ರಾನ್ ದಪ್ಪಕ್ಕೆ ಸೀಳಿದರೆ 1,200 ಸೀಳು!

ಹಳೆಯ ಸ್ಲೈಡುಗಳ ಜೊತೆ ಕೂತಾಗ ನನಗೆ ಬೇಗ ಮನದಟ್ಟಾದದ್ದು, ಮೊದಲು ಕೆಡುವುದು ಭ್ರೂಣವಲ್ಲ, ಅದರ ವಿವರ. ಅಂಟು ಒಣಗಿ ಲೇಬಲ್ ಉದುರುತ್ತದೆ. ಉದುರಿದ ಮೇಲೆ ಅದು ಯಾವುದೋ ಪ್ರಾಣಿಯ ಯಾವುದೋ ಅಂಗ. ಹಾಗಾಗಿ ಸ್ಲೈಡುಗಳನ್ನು ಸ್ಕ್ಯಾನ್ ಮಾಡುವಾಗ ಲೇಬಲ್ಲಿನ ಚಿತ್ರ ಮೊದಲು, ಭ್ರೂಣದ್ದು ಆಮೇಲೆ. ಜೊತೆಗೆ ಸಂಗ್ರಹಕಾರರ ನೋಟ್‌ಪುಸ್ತಕ: ಎಲ್ಲಿ, ಯಾವಾಗ ಸಿಕ್ಕಿತು, ಯಾವ ದ್ರಾವಣದಲ್ಲಿ ಅದ್ದಿದರು, ಸೀಳಿನ ದಪ್ಪ ಎಷ್ಟು. ಈ ಕೊನೆಯ ಅಂಕಿ ಇಲ್ಲದಿದ್ದರೆ, ಕಂಪ್ಯೂಟರಿನಲ್ಲಿ ಸೀಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೂರು ಆಯಾಮದ ಭ್ರೂಣ ಕಟ್ಟಿದಾಗ ಅದು ಚಪ್ಪಟೆಯೋ ಉದ್ದವೋ ಹೇಳುವವರಿಲ್ಲ. ನೋಟ್‌ಪುಸ್ತಕವನ್ನು ಗ್ರಂಥಾಲಯಕ್ಕೂ ಸ್ಲೈಡನ್ನು ಪ್ರಾಣಿಶಾಸ್ತ್ರ ವಿಭಾಗಕ್ಕೂ ಹಂಚುವ ಏರ್ಪಾಡು ಅಚ್ಚುಕಟ್ಟಾಗಿ ಕಾಣಬಹುದು. ನನಗಂತೂ ಅದು ಹಿಡಿಸದು.

ಸ್ಲೈಡಿಗೂ ಅದರದೇ ರೋಗಗಳುಂಟು. ಗಾಜು ಅಂಟಿಸಲು ಬಳಸಿದ ಕೆನಡಾ ಬಾಲ್ಸಂ ಎಂಬ ಮರದ ಅಂಟು ವರ್ಷಗಳು ಕಳೆದಂತೆ ಹಳದಿಗಟ್ಟುತ್ತದೆ, ಅಂಚಿನಲ್ಲಿ ಬಿರಿಯುತ್ತದೆ. ಬೆಳಕಿಗೆ ಬಣ್ಣ ಮಾಸುತ್ತದೆ. ಆದ್ದರಿಂದ ಸ್ಲೈಡುಗಳನ್ನು ಕತ್ತಲಲ್ಲಿ, ಮಲಗಿಸಿಯೇ ಇಡಬೇಕು.

ಸ್ಕ್ಯಾನರಿನ ಮಿತಿ ಬೇರೆ. ಅದು ಒಮ್ಮೆಗೆ ಒಂದು ಆಳವನ್ನಷ್ಟೇ ಸ್ಪಷ್ಟವಾಗಿ ಹಿಡಿಯುತ್ತದೆ. ಸೀಳು ದಪ್ಪಗಿದ್ದರೆ ಹಲವು ಆಳಗಳಲ್ಲಿ ಚಿತ್ರ ತೆಗೆಯಬೇಕು, ಕಡತ ಉಬ್ಬುತ್ತದೆ. ಬಾಟಲಿಯ ಭ್ರೂಣಗಳನ್ನು ಕೊಯ್ಯದೆ ಮೈಕ್ರೊ ಸಿಟಿ ಎಂಬ ಎಕ್ಸ್‌-ರೇ ಸ್ಕ್ಯಾನಿನಲ್ಲಿ ನೋಡಬಹುದು ನಿಜ. ಆದರೆ ಮೆದು ಅಂಗಗಳು ಕಾಣಲು ಸಾಮಾನ್ಯವಾಗಿ ಅಯೋಡಿನ್ ಕುಡಿಸಬೇಕಾಗುತ್ತದೆ, ಅದರಿಂದ ಭ್ರೂಣ ಕುಗ್ಗುವುದೂ ಉಂಟು. ಒಂದೇ ಮಾದರಿ ಇರುವ ಅಪರೂಪದ ಭ್ರೂಣಕ್ಕೆ ಇದನ್ನು ಮಾಡಲು ನಾನಾಗಿದ್ದರೆ ಹಿಂಜರಿಯುತ್ತೇನೆ.

ಸ್ಕ್ಯಾನಿಂಗಿಗೆ ಯೋಜನೆಯ ಹೆಸರಿನಲ್ಲಿ ಹಣ ಕೇಳುವುದು ಸುಲಭ. ಬಾಟಲಿಯಲ್ಲಿ ಆವಿಯಾದ ಆಲ್ಕೋಹಾಲನ್ನು ಮತ್ತೆ ತುಂಬಿಸುವುದಕ್ಕೆ, ಚಿತ್ರಗಳನ್ನಿಟ್ಟ ಸರ್ವರ್ ಬದಲಿಸುವುದಕ್ಕೆ ಮಾತ್ರ ಪ್ರತಿ ಬಜೆಟ್ಟಿನಲ್ಲೂ ಹೊಸದಾಗಿ ಕೈಚಾಚಬೇಕು.