ಅಕ್ಕಡಿ ಹೊಲದ ಹಿಂದಿರುವ ಕೈಗಳು

ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಕೆಮ್ಮಣ್ಣಿನ ಬೆದ್ದಲು ಹೊಲಗಳಲ್ಲಿ ರಾಗಿಯೊಂದನ್ನೇ ಬಿತ್ತದೆ, ಅದರ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಹರಳು, ಜೋಳ ಮುಂತಾದುವನ್ನು ಸಾಲಾಗಿ ಬಿತ್ತುವ ಪದ್ಧತಿಯೊಂದುಂಟು. ಇದಕ್ಕೆ ಅಕ್ಕಡಿ ಎಂದು ಹೆಸರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಜೊತೆಗೆ ಬೇಳೆಕಾಳುಗಳನ್ನು ಬಿತ್ತುತ್ತಿದ್ದುದನ್ನು ಕಂಡು ವರ್ಣಿಸಿದ್ದಾನೆ. ಈ ಬೆಳೆಗಳ ಗುಣಗಳನ್ನು ಕುರಿತು ಸಸ್ಯಶಾಸ್ತ್ರಜ್ಞರು ಸಾಕಷ್ಟು ಬರೆದಿದ್ದಾರೆ. ಅವನ್ನು ಬೆಳೆಯುವ ಮನೆಮಂದಿಯ ವಿಷಯವನ್ನು ನಾವು ಇಲ್ಲಿ ಪರಿಶೀಲಿಸೋಣ.

ಮೊದಲು ಹೊಲವನ್ನು ನೋಡೋಣ. ರಾಗಿಯ ಬೇರು ಬಹುಪಾಲು ಮೇಲ್ಮಣ್ಣಿನಲ್ಲಿ ಹರಡಿರುತ್ತದೆ. ತೊಗರಿ ಮತ್ತು ಹರಳಿನ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಆದುದರಿಂದ ಇವು ಒಂದೇ ಪದರದ ನೀರಿಗಾಗಿ ಅಷ್ಟಾಗಿ ಹೋರಾಡುವುದಿಲ್ಲ. ಅವರೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ವಾಯುವಿನ ಸಾರಜನಕವನ್ನು ಹಿಡಿದುಕೊಡುತ್ತವೆ. ಪಕ್ಕದ ರಾಗಿಗೆ ಅದು ಅದೇ ವರ್ಷ ಧಾರಾಳವಾಗಿ ದೊರೆಯುತ್ತದೆ ಎಂದು ಕೆಲವರು ಹೇಳುವುದುಂಟು. ಅದು ಸ್ವಲ್ಪ ಉತ್ಪ್ರೇಕ್ಷೆಯೇ ಸರಿ. ಹೆಚ್ಚಿನ ಭಾಗವನ್ನು ಅವರೆ ತಾನೇ ಬಳಸಿಕೊಳ್ಳುತ್ತದೆ; ಉದುರಿದ ಎಲೆಯೂ ಬೇರೂ ಕೊಳೆತ ಮೇಲೆ ಮುಂದಿನ ಬೆಳೆಗೆ ಲಾಭವುಂಟು. ಹುಚ್ಚೆಳ್ಳಿನ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಅದು ಜೇನುನೊಣಗಳನ್ನೇ ನಂಬಿದೆ. ನಾಟಿ ಅವರೆಯಾದರೋ ಹಗಲಿನ ಅವಧಿ ಕುಗ್ಗಿದ ಹೊರತು ಹೂ ಬಿಡದು. ರಾಗಿ ಕುಯಿಲಾದ ಮೇಲೂ ಅದು ಹೊಲದಲ್ಲಿ ನಿಂತಿದ್ದು, ಚಳಿಗಾಲದಲ್ಲಿ ಸೊಗಡಿನ ಕಾಯಿ ಕೊಡುತ್ತದೆ.

ಹೀಗೆ ಬೆಳೆಗಳು ಒಂದೊಂದೂ ತನ್ನ ಕಾಲಕ್ಕೆ ಮಾಗುತ್ತವೆಯಾದ್ದರಿಂದ ಕೆಲಸವೂ ಒಮ್ಮೆಲೇ ಮುಗಿಯುವುದಿಲ್ಲ. ಬಿತ್ತನೆಯನ್ನೇ ನೋಡಿರಿ. ಒಬ್ಬನು ಎತ್ತುಗಳನ್ನು ಹೊಡೆಯಬೇಕು. ಒಬ್ಬರು ಕೂರಿಗೆಯ ಬಟ್ಟಲಿಗೆ ರಾಗಿಯನ್ನು ಸಮನಾಗಿ ಬಿಡಬೇಕು. ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿದ ಬಿದಿರಿನ ಕೊಳವೆಗೆ ಇನ್ನೊಬ್ಬರು ಅಕ್ಕಡಿ ಬೀಜವನ್ನು ಹಾಕುತ್ತ ನಡೆಯಬೇಕು. ಈ ಕೊನೆಯ ಕೆಲಸ ಸಾಮಾನ್ಯವಾಗಿ ಹೆಂಗಸರದು. ಮುಂದೆ ಕಳೆ ಕೀಳುವುದೂ ಅವರದೇ. ಎಳೆಯ ರಾಗಿಗೂ ಕಾಡುರಾಗಿಗೂ ಇರುವ ಅಂತರವನ್ನು ಗುರುತಿಸುವುದಕ್ಕೆ ಪಳಗಿದ ಕಣ್ಣು ಬೇಕು. ಪುಸ್ತಕದಿಂದ ಅದು ಬರುವಂತಹುದಲ್ಲ.

ಬೀಜದ ವಿಷಯ ಇನ್ನೂ ಸ್ವಾರಸ್ಯವಾದುದು. ರಾಗಿಕಾಳು ಬಹಳ ಸಣ್ಣದು. ಅದಕ್ಕೆ ಹುಳುವಿನ ಕಾಟ ಕಡಮೆ. ಹಿಂದೆ ಅದನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಅವರೆ, ತೊಗರಿಗಳಾದರೆ ಹುಳುವಿಗೆ ಬಲುಬೇಗ ತುತ್ತಾಗುತ್ತವೆ. ಮನೆಯ ಅಜ್ಜಿ ಗಟ್ಟಿಯಾದ ಕಾಯಿಗಳನ್ನು ಆರಿಸಿ, ಕಾಳು ಬಿಡಿಸಿ, ಚೆನ್ನಾಗಿ ಒಣಗಿಸಿ, ಒಲೆಯ ಬೂದಿಯೊಡನೆ ಬೆರೆಸಿ ಮಡಕೆಯಲ್ಲಿ ತುಂಬಿಡುತ್ತಾಳೆ. ಬೂದಿಯ ನುಣುಪಾದ ಕಣಗಳು ಕಾಳುಗಳ ನಡುವಿನ ಸಂದನ್ನು ತುಂಬಿ ಹುಳುವಿನ ಸಂಚಾರವನ್ನು ತಡೆಯುತ್ತವೆ. ಅದರ ಮೈಮೇಲಿನ ಪೊರೆಯನ್ನು ಕೆಡಿಸಿ ದೇಹದ ತೇವವನ್ನು ಆರಿಸುತ್ತವೆ. ಅಜ್ಜಿ ಕಾರಣವನ್ನು ಈ ಮಾತುಗಳಲ್ಲಿ ಹೇಳಲಾರಳು. ಆದರೆ ಎಷ್ಟು ಕಾಳಿಗೆ ಎಷ್ಟು ಬೂದಿ ಬೇಕೆಂಬುದು ಅವಳ ಕೈಗೆ ಗೊತ್ತು.

ಇಂತಹ ಸಂಸಾರದ ದುಡಿಮೆಯನ್ನು ಶಾಸ್ತ್ರೀಯವಾಗಿ ಅಳೆಯಲು ಯತ್ನಿಸಿದವರಲ್ಲಿ ರಷ್ಯಾದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಚಯಾನೊವ್ ಪ್ರಮುಖನು. 1925ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ರೈತ ಸಂಸಾರವನ್ನು ಕಾರ್ಖಾನೆಯಂತೆ ಲೆಕ್ಕಹಾಕಲಾಗದು, ಉಣ್ಣುವ ಬಾಯಿಗಳಿಗೂ ದುಡಿಯುವ ಕೈಗಳಿಗೂ ಇರುವ ಪ್ರಮಾಣವನ್ನು ನೋಡಬೇಕು ಎಂದು ವಾದಿಸಿದನು. ಗಂಡಹೆಂಡಿರು ಇಬ್ಬರೇ ಇದ್ದಾಗ ಈ ಪ್ರಮಾಣ 1. ಮೂರು ಚಿಕ್ಕಮಕ್ಕಳಾದಾಗ, ಮಕ್ಕಳನ್ನೂ ಪೂರ್ಣ ಬಾಯಿಗಳೆಂದೇ ಎಣಿಸಿದರೆ, ಇಬ್ಬರ ದುಡಿಮೆ ಐವರನ್ನು ಸಾಕಬೇಕು, ಪ್ರಮಾಣ 2.5 ಆಗುತ್ತದೆ. ಆಗ ಅವರು ಇನ್ನೂ ಹೆಚ್ಚು ಹೊತ್ತು ದುಡಿಯುತ್ತಾರೆ. ಮಕ್ಕಳು ಬೆಳೆದು ಹೊಲಕ್ಕಿಳಿದರೆ ಹೊರೆ ಇಳಿಯುತ್ತದೆ. ಈ ವಿದ್ವಾಂಸನನ್ನು ಸ್ಟಾಲಿನ್ನನ ಆಡಳಿತ 1930ರಲ್ಲಿ ಬಂಧಿಸಿ, 1937ರಲ್ಲಿ ಗುಂಡಿಕ್ಕಿ ಕೊಂದಿತು.

ಅವನ ಲೆಕ್ಕವನ್ನು ನಮ್ಮ ಹೊಲಕ್ಕೆ ಅನ್ವಯಿಸಿ ನೋಡಿದರೆ ಒಂದು ತೊಡಕು ಕಾಣುತ್ತದೆ. ಬೆಳೆದ ಮಗ ಬೆಂಗಳೂರಿನ ಕಾರ್ಖಾನೆಗೆ ಹೋದರೆ ಮನೆಗೆ ಹಣ ಬರುತ್ತದೆ, ನಿಜ. ಹಾಗೆ ಹೋಗುವುದನ್ನು ನಾವು ತಪ್ಪೆನ್ನಲಾರೆವು. ಆದರೆ ಅವನೊಡನೆ ಎರಡು ಕೈಗಳೂ ಹೋದುವು. ಬಿತ್ತನೆಗೆ ಟ್ರಾಕ್ಟರು, ಕುಯಿಲಿಗೆ ಯಂತ್ರ ಬರುತ್ತದೆ. ಯಂತ್ರಕ್ಕೆ ಬೇಕಾದುದು ಒಂದೇ ಎತ್ತರದ, ಒಂದೇ ದಿನ ಮಾಗುವ ಪೈರು. ರಾಗಿಯ ತೆನೆ ಒಣಗಿ ನಿಂತಾಗ ಅವರೆಯ ಬಳ್ಳಿ ಹಸಿರಾಗಿರುವ ಹೊಲದಲ್ಲಿ ಅದು ಹೊಗಲಾರದು. ಮೊದಲು ಹುಚ್ಚೆಳ್ಳಿನ ಸಾಲು ಹೋಗುತ್ತದೆ, ಆಮೇಲೆ ಅವರೆಯದು. ಇತ್ತ ಹಗಲಿನ ಅವಧಿಗೆ ಕಟ್ಟುಬೀಳದ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಒದಗಿಸಿದೆ. ಅವನ್ನು ಬೇರೆಯೇ ಹೊಲದಲ್ಲಿ ಯಾವ ಋತುವಿನಲ್ಲಾದರೂ ಬೆಳೆಯಬಹುದು. ಪಟ್ಟಣಕ್ಕೆ ಕಾಯಿ ಸಿಕ್ಕಿತು. ರಾಗಿಹೊಲದ ಸಾಲು ಮಾತ್ರ ಹಿಂದಿರುಗಲಿಲ್ಲ.

ಇನ್ನೊಂದು ಸಂಗತಿಯುಂಟು. 2015–16ರ ಕೃಷಿ ಗಣತಿಯ ಪ್ರಕಾರ ಭಾರತದ ಹಿಡುವಳಿಗಳಲ್ಲಿ ಶೇಕಡ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಹೆಂಗಸರು ನಡೆಸುವವೆಂದು ಲೆಕ್ಕಕ್ಕೆ ಬಂದುವು ಶೇಕಡ 14 ಮಾತ್ರ. ಬೀಜ ಆರಿಸಿದವಳೂ ಕೊಳವೆಗೆ ಕಾಳು ಬಿಟ್ಟವಳೂ ಕಳೆ ಕಿತ್ತವಳೂ ಎಣಿಕೆಯ ಕಾಗದದಲ್ಲಿ ಬೇರೊಬ್ಬರ ಹೆಸರಿನ ಹಿಂದೆ ಮರೆಯಾಗಿಬಿಡುತ್ತಾರೆ. ಸಾಲ, ಬೆಳೆನಷ್ಟದ ಪರಿಹಾರ ಮೊದಲಾದುವು ಪಹಣಿಯ ಹೆಸರನ್ನು ಅನುಸರಿಸಿ ಹೋಗುವುದರಿಂದ ಇದು ಬರಿಯ ಅಂಕಿಯ ಮಾತಲ್ಲ.

ವಿದ್ಯಾರ್ಥಿಗಳು ಸಂಕ್ರಾಂತಿಯ ರಜೆಯಲ್ಲಿ ಊರಿಗೆ ಹೋದಾಗ ಒಂದು ಹೊಲವನ್ನು ಆರಿಸಿಕೊಂಡು, ಕಾಗದದಲ್ಲಿ ಮೂರು ಅಂಕಣ ಎಳೆಯಲಿ: ಬೆಳೆ, ತಿಂಗಳು, ಕೆಲಸ ಮಾಡಿದವರು. ಬಿತ್ತನೆಯಿಂದ ಬೀಜದ ಮಡಕೆಯವರೆಗೆ ಕೇಳಿ ತುಂಬಿದ ಮೇಲೆ, ಅದೇ ಹೊಲದ ಪಹಣಿಯನ್ನು ಪಕ್ಕದಲ್ಲಿಟ್ಟು ಓದಲಿ.