ಇರುಳಿನ ದುಡಿಮೆಗೆ ಎಂತಹ ಬೆಳಕು?



ಅಮೆರಿಕದ ಗ್ರಾಹಕರ ಹಗಲಿಗೆ ಹೊಂದಿಕೊಂಡು ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡುವ ನೀವು, ಮೂರು ಗಂಟೆಯಾಗುತ್ತಲೇ ಲೆಕ್ಕಗಳು ತಪ್ಪುವುವೆಂದೂ ಅದಕ್ಕೆ ನಿಮ್ಮ ಆಲಸ್ಯವೇ ಕಾರಣವಿರಬೇಕೆಂದೂ ಬರೆದಿರುವಿರಿ. ಆಲಸ್ಯವೆಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿರಿ. ಬೆಳಗಿನ ಜಾವದ ಹೊತ್ತಿಗೆ ದೇಹದ ಉಷ್ಣತೆಯು ತಗ್ಗಿ, ಮೆಲಟೋನಿನ್ ಎಂಬ ಸ್ರಾವವು ರಕ್ತದಲ್ಲಿ ಹೆಚ್ಚಿ, ಬುದ್ಧಿಯು ಮಂದವಾಗುವುದು ಮನುಷ್ಯಮಾತ್ರರಿಗೆಲ್ಲ ಸಹಜವಾದ ಶರೀರಧರ್ಮ.

ಈ ಮಂದತೆಯನ್ನು ಬೆಳಕು ಕೊಂಚ ತಗ್ಗಿಸಬಲ್ಲದು. ಕಣ್ಣಿನ ಅಕ್ಷಿಪಟಲದಲ್ಲಿ, ರೂಪವನ್ನು ಕಾಣಿಸುವುದಕ್ಕಿಂತ ಹೊತ್ತನ್ನು ಅರಿತು ಮೆದುಳಿಗೆ ತಿಳಿಸುವುದರಲ್ಲಿ ಮುಖ್ಯವಾಗಿ ತೊಡಗಿರುವ ಕೆಲವು ಕೋಶಗಳು ತಾವೇ ಬೆಳಕಿಗೆ ಸ್ಪಂದಿಸುವುವೆಂಬುದು 2002ರಲ್ಲಿ ಸ್ಪಷ್ಟವಾಯಿತು. ಸುಮಾರು 480 ನ್ಯಾನೊಮೀಟರಿನ ನೀಲಿ ಬೆಳಕು ಅವುಗಳನ್ನು ಅತ್ಯಧಿಕವಾಗಿ ಎಚ್ಚರಿಸುವುದು. ಆದುದರಿಂದ ಹಳದಿಯ ಮಬ್ಬುದೀಪದಡಿ ಕುಳಿತು ಕಾಫಿಯೊಂದನ್ನೇ ನಂಬುವುದಕ್ಕಿಂತ, ಪಾಳಿಯ ಮೊದಲರ್ಧದಲ್ಲಿ ಮೇಜಿನ ಮೇಲೆ ನೀಲಿಯನ್ನೂ ಒಳಗೊಂಡ ಬಿಳಿಯ ಬೆಳಕನ್ನು 500 ಲಕ್ಸಿನಷ್ಟಾದರೂ, ಕಂಪ್ಯೂಟರ್ ಪರದೆಯಲ್ಲಿ ಪ್ರತಿಫಲಿಸದಂತೆ, ಪಕ್ಕದಿಂದ ಬೀಳಿಸಿಕೊಳ್ಳಿರಿ. ಪಾಳಿಯು ಮುಗಿಯುವ ಮುನ್ನ ಅದನ್ನು ತಗ್ಗಿಸತಕ್ಕದ್ದು. ಇಲ್ಲವಾದರೆ ಹಗಲಿನ ನಿದ್ರೆಯು ನಿಮಗೆ ದುರ್ಲಭವಾದೀತು. ಕಚೇರಿಯ ವಾಹನದಲ್ಲಿ ಮರಳುವಾಗ ಕಪ್ಪು ಕನ್ನಡಕವನ್ನು ಧರಿಸಬಹುದು. ಸ್ವತಃ ಸ್ಕೂಟರ್ ನಡೆಸುವಿರಾದರೆ ಖಂಡಿತ ಬೇಡ.

ದೀಪವೊಂದೇ ಎಲ್ಲವನ್ನೂ ಸಾಧಿಸಲಾರದಾದ್ದರಿಂದ, ಸೂಕ್ಷ್ಮವಾದ ಲೆಕ್ಕಗಳನ್ನು ನಡುರಾತ್ರಿಯೊಳಗೇ ಮುಗಿಸುವಂತೆ ಕೆಲಸದ ಕ್ರಮವನ್ನು ಬದಲಿಸಿಕೊಡಬೇಕೆಂದು ಮೇಲಧಿಕಾರಿಗಳನ್ನು ಸಂಕೋಚವಿಲ್ಲದೆ ಕೇಳಿರಿ.